ಭ್ರಮನಿರಸನದ ಕಾಲದಲ್ಲಿ ವಿಶ್ವಾಸಿಯ ಹೊಣೆ

(ಶತಮಾನೋತ್ಸವದ ಸಂದರ್ಭದಲ್ಲಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನಿಗೆ ಹಳೆಯ ದಿನಗಳನ್ನು ಕೊಂಡಾಡುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಮೊದಲ ಬಲಿಪೂಜೆ ನಡೆದ ಚಪ್ಪರ, ಕಾಲ್ನಡಿಗೆಯಲ್ಲಿ ಹಳ್ಳಿಹಳ್ಳಿ ಸುತ್ತಿದ ಗುರುಗಳು, ತಲೆಯ ಮೇಲೆ ಕಲ್ಲು ಹೊತ್ತು ಈ ಗೋಡೆಗಳನ್ನೆಬ್ಬಿಸಿದ ತಾಯಂದಿರು, ಇವರೆಲ್ಲರ ಸ್ಮರಣೆಯನ್ನು ನನಗಿಂತ ಮೊದಲು ಮಾತನಾಡಿದ ಹಿರಿಯರು ಯೋಗ್ಯವಾಗಿಯೇ ಮಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ಇಂದಿನ ಲೋಕದ ಸ್ಥಿತಿ ಮತ್ತು ಅದರಲ್ಲಿ ವಿಶ್ವಾಸಿಯ ಹೊಣೆ ಏನೆಂಬುದನ್ನು ಕುರಿತು ನಾನು ಮಾತನಾಡಬೇಕಾಗಿದೆ.

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಈ ಅಂಗಳದ ಮರದ ನೆರಳಿನಲ್ಲಿ ನಡೆಯುವ ಮಾತುಕತೆಯನ್ನು ನೀವೆಲ್ಲರೂ ಕೇಳಿದ್ದೀರಿ. ಚುನಾವಣೆಯ ಮಾತು ಬಂದರೆ ಹಿರಿಯರು ಒಂದು ಗಾದೆಯನ್ನು ಹೇಳಿ ಕೈ ಕೊಡವುತ್ತಾರೆ: ಯಾವ ರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ. ಯುದ್ಧದ ಸುದ್ದಿ ಬಂದರೆ, ದೊಡ್ಡವರ ಜಗಳದಲ್ಲಿ ಸಾಯುವವರು ಬಡವರೇ ಎಂದು ನಿಟ್ಟುಸಿರು ಬಿಡುತ್ತಾರೆ. ಮಗನಿಗೆ ಓದಲೆಂದು ಕೊಡಿಸಿದ ಮೊಬೈಲು ಮನೆಯ ಮಾತನ್ನೇ ನುಂಗಿಬಿಟ್ಟಿತೆಂದು ತಾಯಿ ದೂರುತ್ತಾಳೆ. ಕಲಿತ ಕೆಲಸವನ್ನು ನಾಳೆ ಯಂತ್ರ ಕಸಿದುಕೊಂಡೀತೇ ಎಂದು ತರುಣ ಕೇಳುತ್ತಾನೆ. ರಾಜಕಾರಣವನ್ನು ನಂಬಿದೆವು, ರಾಷ್ಟ್ರಗಳ ಒಪ್ಪಂದಗಳನ್ನು ನಂಬಿದೆವು, ವಿಜ್ಞಾನವನ್ನು ನಂಬಿದೆವು. ಯಾವುದೂ ಮಾತು ಉಳಿಸಿಕೊಳ್ಳಲಿಲ್ಲ ಎಂಬ ಕೊರಗು ಈ ಎಲ್ಲ ಮಾತುಗಳ ಹಿಂದೆ ಇದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಭ್ರಮನಿರಸನ ಎಂದು ಹೆಸರು.

ಈ ಪದವನ್ನು ಒಂದು ಕ್ಷಣ ಬಿಡಿಸಿ ನೋಡೋಣ. ಭ್ರಮೆಯ ನಿರಸನ, ಎಂದರೆ ಭ್ರಮೆಯು ತೊಲಗುವುದು. ನಾವು ಇದನ್ನು ದುಃಖದ ಮಾತಾಗಿ ಬಳಸುತ್ತೇವೆ. ಆದರೆ ಭ್ರಮೆ ತೊಲಗಿದರೆ ನಷ್ಟವಾದದ್ದೇನು? ಕತ್ತಲಲ್ಲಿ ಹಗ್ಗವನ್ನು ಹಾವೆಂದು ಹೆದರಿದವನಿಗೆ ದೀಪ ಬಂದರೆ ಲಾಭ. ಹಾವನ್ನು ಹಗ್ಗವೆಂದು ಹಿಡಿಯಹೊರಟವನಿಗೆ ದೀಪ ಬಂದರೆ ಇನ್ನೂ ದೊಡ್ಡ ಲಾಭ. ಭ್ರಮನಿರಸನವೇ ಪಾಪವಲ್ಲ, ಕೇಡೂ ಅಲ್ಲ. ಭ್ರಮೆ ಹೋದ ಮೇಲೆ ಖಾಲಿಯಾದ ಮನಸ್ಸಿನಲ್ಲಿ ಏನನ್ನು ಕೂರಿಸುತ್ತೇವೆ ಎಂಬುದರ ಮೇಲೆ ನಮ್ಮ ಒಳಿತು ಕೆಡಕುಗಳು ನಿಂತಿವೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ನಮ್ಮ ಧರ್ಮಕೇಂದ್ರ ಹುಟ್ಟಿದ ಕಾಲವೂ ಇಂಥದೇ ಭ್ರಮನಿರಸನದ ಕಾಲವಾಗಿತ್ತು. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಯುರೋಪಿನ ಹಳೆಯ ಸಾಮ್ರಾಜ್ಯಗಳು ಉರುಳಿದ್ದವು. ಇನ್ನು ಯುದ್ಧವೇ ಬೇಡವೆಂದು 1920ರಲ್ಲಿ ರಾಷ್ಟ್ರಸಂಘವನ್ನು ಕಟ್ಟಿದ್ದರು. ಆದರೆ 1922ರಲ್ಲೇ ಇಟಲಿಯಲ್ಲಿ ಮುಸೊಲಿನಿ ಅಧಿಕಾರ ಹಿಡಿದಿದ್ದನು. ದೇಶವೇ ದೇವರು, ನಾಯಕನೇ ಪ್ರವಾದಿ ಎಂಬ ಹೊಸ ಮತವೊಂದು ತಲೆಯೆತ್ತುತ್ತಿತ್ತು. ಆಗ, 1925ರ ಡಿಸೆಂಬರಿನಲ್ಲಿ, ಜಗದ್ಗುರು 11ನೆಯ ಪಯಸ್ಸರು ಒಂದು ವಿಶ್ವಪರಿಪತ್ರವನ್ನು ಹೊರಡಿಸಿ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ನಾವು ವರ್ಷವರ್ಷವೂ ಬ್ಯಾಂಡು ಬಾರಿಸಿ ಮೆರವಣಿಗೆ ಹೊರಡಿಸುವ ಆ ಹಬ್ಬ ಹುಟ್ಟಿದ್ದು ವೈಭವಕ್ಕಾಗಿ ಅಲ್ಲ. ಯಾವ ರಾಜನೂ ಪರಮರಾಜನಲ್ಲ ಎಂದು ಲೋಕಕ್ಕೆ ಹೇಳುವುದಕ್ಕಾಗಿ. ಆ ರಾಜನ ಕಿರೀಟ ಮುಳ್ಳಿನದು, ಸಿಂಹಾಸನ ಮರದ ಶಿಲುಬೆ. ಮರುಭೂಮಿಯಲ್ಲಿ ಲೋಕದ ಸಮಸ್ತ ರಾಜ್ಯಗಳನ್ನು ತೋರಿಸಿ ಶೋಧಕನು ಆಸೆ ಒಡ್ಡಿದಾಗ ಆ ರಾಜನು ಮುಖ ತಿರುಗಿಸಿದನೆಂಬುದನ್ನು ತಪಸ್ಸುಕಾಲದ ಮೊದಲ ಭಾನುವಾರ ನಾವು ಕೇಳುತ್ತೇವೆ.

ಈ ಸತ್ಯವನ್ನು ಬರಿಯ ಬೋಧನೆಯಾಗಿ ಹೇಳದೆ, ಇನ್ನೊಂದು ಧರ್ಮಕೇಂದ್ರದ ಕಥೆಯಾಗಿ ನಿಮ್ಮ ಮುಂದಿಡುತ್ತೇನೆ. ಅದು ಜಪಾನಿನ ನಾಗಸಾಕಿ ನಗರದ ಉರಕಾಮಿ ಎಂಬ ಕಣಿವೆಯಲ್ಲಿದೆ. ದೂರದ ಊರಾದರೂ ನಮಗೆ ಪರಕೀಯವಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರರು ಜಪಾನಿಗೆ ಶುಭಸಂದೇಶವನ್ನು ಕೊಂಡೊಯ್ದದ್ದು ನಮ್ಮ ನೆರೆಯ ಗೋವೆಯ ಮೂಲಕ. 1549ರ ಆಗಸ್ಟ್ 15ರಂದು ಅವರು ಆ ನೆಲದ ಮೇಲೆ ಕಾಲಿಟ್ಟರು. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಶಿಲುಬೆಗೇರಿಸಲ್ಪಟ್ಟ 26 ಮಂದಿ ರಕ್ತಸಾಕ್ಷಿಗಳಲ್ಲಿ ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಒಬ್ಬರು. ಇನ್ನೂ ಹತ್ತಿರದ ನಂಟೊಂದಿದೆ. ಹಳೆಯ ಮೈಸೂರು ಸೀಮೆಯ ನಮ್ಮ ಮಿಷನ್ನಿಗೆ ಗುರುಗಳನ್ನು ಕಳುಹಿಸಿದ ಪ್ಯಾರಿಸ್ಸಿನ ಪರದೇಶ ಧರ್ಮಪ್ರಚಾರ ಸಂಸ್ಥೆಯೇ 19ನೆಯ ಶತಮಾನದಲ್ಲಿ ಜಪಾನಿಗೂ ಗುರುಗಳನ್ನು ಕಳುಹಿಸಿತು. ನಮ್ಮ ಅಜ್ಜಂದಿರಿಗೆ ಜ್ಞಾನಸ್ನಾನ ಕೊಟ್ಟವರೂ ಉರಕಾಮಿಯವರನ್ನು ಕಂಡುಹಿಡಿದವರೂ ಒಂದೇ ಗುರುಕುಲದ ಸೋದರರು.

ಕಂಡುಹಿಡಿದವರು ಎಂದೆ. ಆ ಮಾತಿಗೆ ಕಾರಣವಿದೆ. 1614ರಲ್ಲಿ ಜಪಾನಿನ ಆಳುವವರು ದೇಶಾದ್ಯಂತ ಕ್ರೈಸ್ತಧರ್ಮವನ್ನು ನಿಷೇಧಿಸಿದರು. ಗುರುಗಳನ್ನು ಕೊಂದರು, ಇಲ್ಲವೇ ಗಡೀಪಾರು ಮಾಡಿದರು. ಕ್ರಿಸ್ತನ ಅಥವಾ ದೇವಮಾತೆಯ ಚಿತ್ರವನ್ನು ನೆಲದ ಮೇಲಿಟ್ಟು ಪ್ರಜೆಗಳು ಅದನ್ನು ತುಳಿಯಬೇಕೆಂದು ಕಟ್ಟಳೆ ಮಾಡಿದರು. ತುಳಿಯದವನಿಗೆ ಶಿಕ್ಷೆ ಕಾದಿತ್ತು. ಅಲ್ಲಿಂದ ಮುಂದೆ ಸುಮಾರು 250 ವರ್ಷಗಳ ಕಾಲ ಗುರುಗಳಿಲ್ಲ, ಬಲಿಪೂಜೆಯಿಲ್ಲ, ದೇವಾಲಯವಿಲ್ಲ. ಉರಕಾಮಿಯ ಒಕ್ಕಲುಮಕ್ಕಳು ಮಾತ್ರ ಜ್ಞಾನಸ್ನಾನವನ್ನೂ ಜಪಗಳನ್ನೂ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಗುಟ್ಟಾಗಿ ಕೊಡುತ್ತಾ ಬಂದರು. 1865ರ ಮಾರ್ಚ್ 17ರಂದು, ವಿದೇಶೀಯರಿಗಾಗಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿಯ ಕೆಲವರು ಬಂದರು. ಅವರಲ್ಲಿ ಒಬ್ಬಾಕೆ ಫಾದರ್ ಪೆತಿಜಾನರ ಬಳಿ ನಿಂತು, ತಮ್ಮ ಹೃದಯವೂ ಅವರ ಹೃದಯದಂಥದೇ ಎಂದು ಮೆಲ್ಲನೆ ಹೇಳಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಏಳು ತಲೆಮಾರಿನ ಮೌನ ಅಂದು ಒಡೆಯಿತು.

ಆದರೆ ರಾಜ್ಯದ ಕಾನೂನು ಬದಲಾಗಿರಲಿಲ್ಲ. 1867ರಲ್ಲಿ ಮತ್ತೆ ಬಂಧನಗಳು ನಡೆದವು. ಆ ಹೊತ್ತಿಗೆ ಜಪಾನಿನಲ್ಲಿ ಹಳೆಯ ಆಡಳಿತ ಬಿದ್ದು ಹೊಸ ಸರ್ಕಾರ ಬಂದಿತು. ಹೊಸ ಸರ್ಕಾರವು ಹಳೆಯದಕ್ಕಿಂತ ಕಠಿಣವಾಯಿತು. ಉರಕಾಮಿಯ ಸುಮಾರು 3,400 ಮಂದಿಯನ್ನು ಮನೆಮಾರುಗಳಿಂದ ಎಬ್ಬಿಸಿ ದೇಶದ ಮೂಲೆಮೂಲೆಗೆ ಗಡೀಪಾರು ಮಾಡಿತು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಹಿಂಸೆಗಳಿಂದ ಪರಸ್ಥಳದಲ್ಲೇ ಸತ್ತರು. 1873ರಲ್ಲಿ ಬಿಡುಗಡೆ ಹೊಂದಿ ಬರಿಗೈಯಲ್ಲಿ ಹಿಂದಿರುಗಿದವರು ಮಾಡಿದ್ದೇನು? ತಮ್ಮ ಹಿರಿಯರಿಂದ ಪವಿತ್ರ ಚಿತ್ರಗಳನ್ನು ತುಳಿಸುತ್ತಿದ್ದ ಊರ ಮುಖ್ಯಸ್ಥನ ಮನೆಯ ನಿವೇಶನವನ್ನೇ ಕೊಂಡು, 1895ರಲ್ಲಿ ಅಲ್ಲಿ ದೇವಾಲಯವನ್ನು ಕಟ್ಟಲು ತೊಡಗಿದರು. ಬಡವರ ಕಾಸಿನಿಂದ ಮೇಲೇಳುತ್ತಿದ್ದ ಆ ದೇವಾಲಯ 1914ರಲ್ಲಿ ಪ್ರತಿಷ್ಠೆಗೊಂಡಿತು. ಅದರ ಅವಳಿ ಗೋಪುರಗಳು ಪೂರ್ಣವಾದದ್ದು 1925ರಲ್ಲಿ. ಕ್ರಿಸ್ತರಾಜರ ಹಬ್ಬ ಹುಟ್ಟಿದ ವರ್ಷದಲ್ಲಿಯೇ. ಪೂರ್ವ ಏಷ್ಯಾದ ಅತಿ ದೊಡ್ಡ ದೇವಾಲಯಗಳಲ್ಲಿ ಅದೊಂದಾಯಿತು.

1945ರ ಆಗಸ್ಟ್ 9, ಗುರುವಾರ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ ಆರು ದಿನ ದೂರದಲ್ಲಿತ್ತು. ಹಬ್ಬಕ್ಕೆ ಸಿದ್ಧರಾಗಲೆಂದು ಬಂದಿದ್ದವರ ಪಾಪನಿವೇದನೆಯನ್ನು ಇಬ್ಬರು ಗುರುಗಳು ಕೇಳುತ್ತಿದ್ದರು. ಅಮೆರಿಕದ ವಿಮಾನವೊಂದು ಅಣುಬಾಂಬನ್ನು ಹೊತ್ತು ಕೊಕುರಾ ಎಂಬ ಬೇರೊಂದು ನಗರದ ಮೇಲೆ ಸುತ್ತಿ, ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಅಲ್ಲಿಯೂ ಮೋಡ ಕವಿದಿತ್ತು. ಇಂಧನ ತೀರುತ್ತಾ ಬಂದಿತ್ತು. ಮೋಡದಲ್ಲಿ ಒಂದು ಸಂದು ತೆರೆದುಕೊಂಡಿತು. ಯೋಜಿಸಿದ್ದ ಗುರಿಯಿಂದ ಸುಮಾರು 3 ಕಿಲೋಮೀಟರ್ ಆಚೆ, ಉರಕಾಮಿ ಕಣಿವೆಯ ಮೇಲೆ, ಹಗಲು 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿಯಿತು. ದೇವಾಲಯ ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಮಡಿದರು. ಆ ವರ್ಷ ಮುಗಿಯುವುದರೊಳಗೆ ನಗರದಲ್ಲಿ ಸತ್ತವರ ಸಂಖ್ಯೆ ಸುಮಾರು 70,000.

ಸಹೋದರರೇ, ಜಪಾನಿನ ಅರಸರು 250 ವರ್ಷಗಳ ಕಾಲ ಮಾಡಲಾರದೆ ಹೋದದ್ದನ್ನು ಕ್ರೈಸ್ತರೆನಿಸಿಕೊಂಡವರ ಒಂದು ಬಾಂಬು ಕ್ಷಣಮಾತ್ರದಲ್ಲಿ ಮಾಡಿತು. ಆ ವಿಮಾನದ ಮುಖ್ಯ ಚಾಲಕನೂ ಕಥೋಲಿಕನೇ. ಅದೇ ದಿನ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ರೇಡಿಯೋದಲ್ಲಿ ಮಾತನಾಡುತ್ತಾ, ಈ ಅಸ್ತ್ರ ವೈರಿಗಳ ಕೈ ಸೇರದೆ ತಮ್ಮ ಕೈ ಸೇರಿತೆಂದು ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಇತ್ತ ಜಪಾನಿನ ಸೇನಾಧಿಕಾರಿಗಳು ತಮ್ಮ ಚಕ್ರವರ್ತಿಯನ್ನೇ ದೇವರೆಂದು ಪೂಜಿಸಿ, ಏಷ್ಯಾದ ಎಷ್ಟೋ ನಾಡುಗಳನ್ನು ರಕ್ತದಲ್ಲಿ ಅದ್ದಿದ್ದರು. ಒಂದು ಕಡೆ ಮನುಷ್ಯನನ್ನು ದೇವರ ಸ್ಥಾನದಲ್ಲಿ ಕೂರಿಸಿದ್ದರು. ಇನ್ನೊಂದು ಕಡೆ ದೇವರನ್ನು ತಮ್ಮ ಸೇನೆಯ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದರು. ಇವೆರಡೂ ಒಂದೇ ಭ್ರಮೆಯ ಎರಡು ಮುಖಗಳು.

ಆ ಬಾಂಬಿನ ವಿಮಾನಗಳು ಹೊರಟ ಟಿನಿಯನ್ ದ್ವೀಪದಲ್ಲಿ ವಿಮಾನದಳದ ಕಥೋಲಿಕ ಸೈನಿಕರಿಗೆ ಆತ್ಮಪಾಲಕರಾಗಿದ್ದವರು ಫಾದರ್ ಜಾರ್ಜ್ ಝಬೆಲ್ಕಾ. ಅವರು ಬಾಂಬು ಹಾಕಲಿಲ್ಲ, ಹಾಕೆಂದೂ ಹೇಳಲಿಲ್ಲ. ಆದರೆ ಬೇಡವೆಂದೂ ಹೇಳಲಿಲ್ಲ. ಮುಂದೆ ಅನೇಕ ವರ್ಷಗಳ ನಂತರ ಅವರ ಅಂತಃಸಾಕ್ಷಿ ಅವರನ್ನು ಕುಟುಕಿತು. ತಮ್ಮ ಮೌನವೇ ತಮ್ಮ ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡು, ಉಳಿದ ಆಯುಷ್ಯವನ್ನು ಶಾಂತಿಯ ಬೋಧನೆಗೆ ಮೀಸಲಿಟ್ಟರು. ಈ ಗುರುಗಳ ನೆನಪನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿರಿ. ಮುಂದೆ ಯಂತ್ರದ ಮಾತು ಬಂದಾಗ ಅವರ ಬಳಿಗೆ ಮತ್ತೆ ಬರುತ್ತೇನೆ.

ಉರಕಾಮಿಯಲ್ಲಿ ಉಳಿದವರಲ್ಲಿ ತಕಾಶಿ ನಗಾಯಿ ಎಂಬ ವೈದ್ಯರೊಬ್ಬರಿದ್ದರು. ತಾರುಣ್ಯದಲ್ಲಿ ವಿಜ್ಞಾನವೊಂದನ್ನೇ ನಂಬಿದ್ದ ಅವರು 1934ರಲ್ಲಿ ಜ್ಞಾನಸ್ನಾನ ಪಡೆದವರು. ಕ್ಷ-ಕಿರಣಗಳ ವಿಭಾಗದಲ್ಲಿ ಅವರ ಸೇವೆ. ಉರಕಾಮಿ ದೇವಾಲಯದ ಕೆಲಸ ಮೊದಲಾದ 1895ರಲ್ಲೇ ಜರ್ಮನಿಯ ರಾಂಟ್ಜೆನ್ ಆ ಕಿರಣಗಳನ್ನು ಕಂಡುಹಿಡಿದಿದ್ದರು. ಯುದ್ಧಕಾಲದಲ್ಲಿ ಫಿಲ್ಮು ಸಿಗದೆ ಹೋದಾಗ, ಕ್ಷಯರೋಗಿಗಳನ್ನು ಹಿಂದಕ್ಕೆ ಕಳುಹಿಸಲು ಮನಸ್ಸೊಪ್ಪದೆ, ಡಾಕ್ಟರ್ ನಗಾಯಿಯವರು ಕಿರಣಗಳ ಎದುರಿನಲ್ಲೇ ನಿಂತು ಕಣ್ಣಿನಿಂದ ಪರೀಕ್ಷಿಸುತ್ತಿದ್ದರು. ಅದರ ಫಲವಾಗಿ ಅವರಿಗೆ ರಕ್ತದ ಕ್ಯಾನ್ಸರ್ ತಗುಲಿತು. ಮೂರು ವರ್ಷ ಬದುಕಿಯಾರೆಂದು 1945ರ ಜೂನಿನಲ್ಲಿ ಲೆಕ್ಕ ಹಾಕಿದ್ದರು. ಎರಡು ತಿಂಗಳಿಗೆ ಬಾಂಬು ಬಿದ್ದಿತು. ಸ್ವತಃ ಗಾಯಗೊಂಡಿದ್ದರೂ ಅವರು ಗಾಯಾಳುಗಳ ಶುಶ್ರೂಷೆಗೆ ನಿಂತರು. ಕಡೆಗೆ ಮನೆಗೆ ಹೋಗಿ ನೋಡಿದರೆ ಬೂದಿಯ ರಾಶಿ. ಆ ಬೂದಿಯಲ್ಲಿ ಹೆಂಡತಿ ಮಿದೊರಿಯ ಮೂಳೆಗಳೂ ಕರಗಿದ ಜಪಸರವೂ ಸಿಕ್ಕವು. ಮಿದೊರಿ, ಆ 250 ವರ್ಷ ವಿಶ್ವಾಸವನ್ನು ಬಚ್ಚಿಟ್ಟು ಕಾಪಾಡಿದ ಮನೆತನದ ಮಗಳು. ಅಜ್ಜಿಯೊಡನೆ ಹಳ್ಳಿಯಲ್ಲಿದ್ದುದರಿಂದ ಮಕ್ಕಳಿಬ್ಬರು ಮಾತ್ರ ಉಳಿದರು.

ಭ್ರಮನಿರಸನಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ರಾಜ್ಯಶಕ್ತಿ ಮೋಸಮಾಡಿತ್ತು, ವಿಜ್ಞಾನ ಕೊಲ್ಲುವ ಅಸ್ತ್ರವಾಗಿತ್ತು, ಸ್ವಂತ ದೇಹವೂ ಕೈಬಿಡುತ್ತಿತ್ತು. ಆದರೂ ಅವರು ಮತ್ತು ನೆರೆಯವರು ಸೇರಿ ಗೋಪುರದ ಕುಸಿದ ಇಟ್ಟಿಗೆಗಳನ್ನು ಅಗೆದರು. ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಇನ್ನೊಂದು ಇಡಿಯಾಗಿ ಸಿಕ್ಕಿತು. 1945ರ ಕ್ರಿಸ್ತಜಯಂತಿಯ ಹಿಂದಿನ ಸಂಜೆ, ಮನೆಯಿಲ್ಲದ, ದೀಪವಿಲ್ಲದ ಆ ಬಯಲಿನಲ್ಲಿ ಆ ಗಂಟೆಯನ್ನು ಬಾರಿಸಿದರು. ನಗಾಯಿಯವರು ಎರಡು ಚಾಪೆಯಗಲದ ಒಂದು ಗುಡಿಸಿಲಿನಲ್ಲಿ ಮಲಗಿಕೊಂಡೇ ಪುಸ್ತಕಗಳನ್ನು ಬರೆದರು. ತನ್ನಂತೆ ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯಿಂದ ಆ ಗುಡಿಸಿಲಿಗೆ ಹೆಸರಿಟ್ಟರು. ಬಂದ ಹಣದಲ್ಲಿ ಸುಟ್ಟ ನೆಲದ ಮೇಲೆ ಸಾವಿರ ಚೆರ್ರಿ ಸಸಿಗಳನ್ನು ನೆಡಿಸಿದರು. 1951ರ ಮೇ 1ರಂದು ತೀರಿಕೊಂಡಾಗ ಅವರಿಗೆ 43 ವರ್ಷ. ಅವರು ವಿಜ್ಞಾನವನ್ನು ಶಪಿಸಲಿಲ್ಲ, ದೇಶದೇಶಗಳನ್ನು ಬೈಯಲಿಲ್ಲ. ಯಾವುದನ್ನೂ ದೇವರೆಂದು ಮತ್ತೆ ನಂಬಲೂ ಇಲ್ಲ.

ಇನ್ನು ಲೋಕದ ರಾಜಕಾರಣದ ಕಡೆ ಬರೋಣ. ಆ ಯುದ್ಧ ಮುಗಿದ 1945ರಲ್ಲೇ ವಿಶ್ವಸಂಸ್ಥೆ ಹುಟ್ಟಿತು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣದಿಂದ ಅಮೆರಿಕವೂ ಸೋವಿಯತ್ ಒಕ್ಕೂಟವೂ ಸರ್ವನಾಶದ ಅಂಚಿಗೆ ಬಂದು ನಿಂತವು. ಮರುವರ್ಷ ಏಪ್ರಿಲಿನಲ್ಲಿ, ಸಾವಿನ ಹಾಸಿಗೆಯ ಸನಿಹದಲ್ಲಿದ್ದ ಜಗದ್ಗುರು 23ನೆಯ ಯೋವಾನ್ನರು ಭೂಲೋಕದ ಶಾಂತಿಯನ್ನು ಕುರಿತ ವಿಶ್ವಪರಿಪತ್ರವನ್ನು ಕಥೋಲಿಕರಿಗೆ ಮಾತ್ರವಲ್ಲದೆ ಸದ್ಭಾವನೆಯುಳ್ಳ ಸಕಲ ಮಾನವರಿಗೂ ಬರೆದರು. 1965ರ ಅಕ್ಟೋಬರ್ 4ರಂದು 6ನೆಯ ಪೌಲರು ವಿಶ್ವಸಂಸ್ಥೆಯ ಮುಂದೆ ನಿಂತು ಯುದ್ಧ ಇನ್ನೆಂದಿಗೂ ಬೇಡವೆಂದು ಬೇಡಿಕೊಂಡರು. 1987ರಲ್ಲಿ ಆ ಎರಡು ಮಹಾಶಕ್ತಿಗಳು ಮಧ್ಯಮದೂರದ ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿಹಾಕಿದಾಗ ಲೋಕವೇ ನಿಟ್ಟುಸಿರು ಬಿಟ್ಟಿತು. ಆದರೆ 2019ರಲ್ಲಿ ಆ ಒಪ್ಪಂದ ಮುರಿದುಬಿದ್ದಿತು. 2017ರ ಜುಲೈನಲ್ಲಿ 122 ರಾಷ್ಟ್ರಗಳು ಅಣ್ವಸ್ತ್ರಗಳನ್ನೇ ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿದವು. ಅದನ್ನು ಮೊದಲ ದಿನವೇ ಸ್ಥಿರೀಕರಿಸಿದ ಕೆಲವೇ ರಾಜ್ಯಗಳಲ್ಲಿ ವ್ಯಾಟಿಕನ್ನೂ ಒಂದು. ಅಣ್ವಸ್ತ್ರಗಳುಳ್ಳ ಯಾವ ರಾಷ್ಟ್ರವೂ ಅದಕ್ಕೆ ಸೇರಲಿಲ್ಲ. 2019ರ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸ್ಸರು ನಾಗಸಾಕಿ, ಹಿರೋಷಿಮಾಗಳಿಗೆ ಹೋಗಿ, ಅಂಥ ಅಸ್ತ್ರಗಳನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಧರ್ಮವೆಂದು ಸ್ಪಷ್ಟವಾಗಿ ಸಾರಿದರು.

ಇಲ್ಲಿ ನಾವು ಪರರನ್ನು ಮಾತ್ರ ದೂರುವುದು ನ್ಯಾಯವಲ್ಲ. ನಮ್ಮ ದೇಶವೂ 1974ರಲ್ಲಿ, ಮತ್ತೆ 1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣುಸ್ಫೋಟ ನಡೆಸಿತು. 1998ರಲ್ಲಿ ಎಷ್ಟೋ ಊರುಗಳ ಬೀದಿಯಲ್ಲಿ ಸಿಹಿ ಹಂಚಿದರು. ದೇಶದ ರಕ್ಷಣೆಯ ಪ್ರಶ್ನೆ ಹಗುರವಾದದ್ದಲ್ಲ. ಅದನ್ನು ಇಲ್ಲಿ ತೀರ್ಮಾನಿಸುವ ಅರ್ಹತೆ ನನಗಿಲ್ಲ. ಆದರೆ ಉರಕಾಮಿಯ ಕಥೆಯನ್ನು ಬಲ್ಲ ಕ್ರೈಸ್ತನು ಅಂಥ ಸುದ್ದಿಗೆ ಸಿಹಿ ತಿನ್ನಬಹುದೇ ಎಂಬ ಪ್ರಶ್ನೆಯನ್ನು ನನ್ನಷ್ಟಕ್ಕೆ ನಾನು ಕೇಳಿಕೊಂಡಿದ್ದೇನೆ. ನೀವೂ ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಈಗ ಯಂತ್ರದ ಮಾತು. ಧರ್ಮಸಭೆಯು ಯಂತ್ರದ ವೈರಿಯಲ್ಲ. 1931ರ ಫೆಬ್ರವರಿ 12ರಂದು ವ್ಯಾಟಿಕನ್ ರೇಡಿಯೋ ಆರಂಭವಾದಾಗ ಅದನ್ನು ಕಟ್ಟಿಕೊಟ್ಟವರು ಸಾಕ್ಷಾತ್ ಮಾರ್ಕೋನಿಯವರೇ. ಆದರೆ ಎರಡೇ ವರ್ಷಗಳಲ್ಲಿ ಜರ್ಮನಿಯ ನಾಜಿಗಳು ಅಗ್ಗದ ರೇಡಿಯೋಗಳನ್ನು ಮಾಡಿಸಿ, ಮನೆಮನೆಗೆ ದ್ವೇಷವನ್ನು ಬಿತ್ತತೊಡಗಿದರು. ಪೆಟ್ಟಿಗೆ ಒಂದೇ, ಒಳಗಿನ ದನಿ ಬೇರೆ. ಇಂದು ನಮ್ಮ ಜೇಬಿನಲ್ಲಿರುವ ಪೆಟ್ಟಿಗೆಯ ಸ್ಥಿತಿಯೂ ಹಾಗೆಯೇ. ಗಲ್ಫಿನಲ್ಲಿ ದುಡಿಯುವ ಮಗನ ಮುಖವನ್ನು ತಾಯಿಗೆ ತೋರಿಸುವುದೂ ಅದೇ, ನೆರೆಮನೆಯ ಅನ್ಯಧರ್ಮೀಯನ ಮೇಲೆ ಹುಸಿ ಸುದ್ದಿಯನ್ನು ಕ್ಷಣದಲ್ಲಿ ಸಾವಿರ ಮಂದಿಗೆ ತಲುಪಿಸುವುದೂ ಅದೇ. ಆಡದ ಮಾತನ್ನು ಆಡಿದಂತೆ, ಮಾಡದ ಕೆಲಸವನ್ನು ಮಾಡಿದಂತೆ ತೋರಿಸಬಲ್ಲ ಕೃತಕ ಬುದ್ಧಿಮತ್ತೆ ಈಗ ಬಂದಿದೆ. ಕಣ್ಣಾರೆ ಕಂಡದ್ದೂ ಸುಳ್ಳಾಗಬಹುದಾದ ಕಾಲವಿದು.

ಜಗದ್ಗುರು 13ನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಕುರಿತು ವಿಶ್ವಪರಿಪತ್ರ ಬರೆದರು. ಕಾರ್ಖಾನೆಯ ಯಂತ್ರ ಮನುಷ್ಯನನ್ನು ಅರೆಯುತ್ತಿದ್ದ ಕಾಲ ಅದು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರುಗಳು 14ನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. ಎರಡು ದಿನಗಳ ನಂತರ ಕಾರ್ಡಿನಲರ ಮುಂದೆ ಮಾತನಾಡುತ್ತಾ, ಕೃತಕ ಬುದ್ಧಿಮತ್ತೆಯು ಮಾನವನ ಘನತೆಗೆ, ನ್ಯಾಯಕ್ಕೆ, ದುಡಿಮೆಗೆ ಒಡ್ಡುತ್ತಿರುವ ಹೊಸ ಸವಾಲನ್ನೇ ಈ ಹೆಸರಿಗೆ ಕಾರಣವಾಗಿ ಹೇಳಿದರು. ಅವರಿಗಿಂತ ಮೊದಲು, 2024ರ ಜೂನಿನಲ್ಲಿ, ಇಟಲಿಯಲ್ಲಿ ನಡೆದ ಜಿ-7 ರಾಷ್ಟ್ರನಾಯಕರ ಸಭೆಯಲ್ಲಿ ಜಗದ್ಗುರು ಫ್ರಾನ್ಸಿಸ್ಸರು, ಮನುಷ್ಯನ ಪ್ರಾಣ ತೆಗೆಯುವ ತೀರ್ಮಾನವನ್ನು ಯಾವ ಯಂತ್ರಕ್ಕೂ ಬಿಡಕೂಡದೆಂದು ಕೇಳಿಕೊಂಡಿದ್ದರು.

ಇಲ್ಲಿ ಫಾದರ್ ಝಬೆಲ್ಕಾ ಅವರನ್ನು ಮತ್ತೆ ನೆನೆಯಿರಿ. ಅವರು ತಪ್ಪಿದರು, ಆದರೆ ಮೂವತ್ತು ವರ್ಷ ಕಳೆದ ಮೇಲಾದರೂ ಅವರ ಹೃದಯ ಅವರನ್ನು ಕುಟುಕಿತು. ಮನುಷ್ಯನಿಗೆ ಪಶ್ಚಾತ್ತಾಪಪಡುವ ಶಕ್ತಿಯಿದೆ, ಕ್ಷಮೆ ಕೇಳುವ ನಾಲಿಗೆಯಿದೆ. ಯಂತ್ರ ಎಷ್ಟೇ ಜಾಣವಾಗಲಿ, ಅದು ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಲಾರದು. ಯಾರಿಗೆ ಪಶ್ಚಾತ್ತಾಪ ಸಾಧ್ಯವಿಲ್ಲವೋ ಅವರ ಕೈಗೆ ತೀರ್ಪನ್ನು ಕೊಡಕೂಡದು. ಇದು ಯಂತ್ರಕ್ಕೆ ಮಾತ್ರವಲ್ಲ, ತಾನು ತಪ್ಪುವವನೇ ಅಲ್ಲವೆಂದು ನಂಬಿರುವ ನಾಯಕನಿಗೂ ಅನ್ವಯಿಸುತ್ತದೆ.

ಹಾಗಾದರೆ ಭ್ರಮೆ ಹೋದ ಮೇಲೆ ನಮ್ಮ ಮುಂದೆ ಯಾವ ದಾರಿಗಳಿವೆ? ಎರಡು ಅಡ್ಡದಾರಿಗಳನ್ನು ನಾನು ಕಾಣುತ್ತೇನೆ. ಒಂದು, ಹೊಸ ಭ್ರಮೆಯನ್ನು ಹುಡುಕಿಕೊಳ್ಳುವುದು. ಇವನು ಮೋಸಮಾಡಿದ, ಅವನು ಮಾಡಲಾರ ಎಂದು ಇನ್ನೊಬ್ಬನ ಕೊರಳಿಗೆ ಹಾರ ಹಾಕುವುದು. ಇನ್ನೊಂದು, ಎಲ್ಲರೂ ಅಷ್ಟೇ ಎಂದು ಬಾಗಿಲು ಮುಚ್ಚಿ ಕುಳಿತುಕೊಳ್ಳುವುದು. ಈ ಎರಡನೆಯದು ನಮ್ಮಂಥ ಸಣ್ಣ ಸಮುದಾಯಕ್ಕೆ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ಭಕ್ತಿಯ ವೇಷವನ್ನು ತೊಟ್ಟು ಬರುತ್ತದೆ. ಪ್ರಾರ್ಥನೆ ಮಾಡೋಣ, ರಾಜಕೀಯ ನಮಗೇಕೆ ಎನ್ನುತ್ತದೆ. ಪಿಲಾತನು ಕೈ ತೊಳೆದುಕೊಂಡ ಬಟ್ಟಲು ಇಂಥ ಮಾತುಗಳಿಂದಲೇ ತುಂಬುವುದು.

ನಮ್ಮ ನಮ್ಮೊಳಗೇ ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ಅಧಿಕಾರವನ್ನು ದೂರುವ ನಾವು ಅದರೊಡನೆ ವ್ಯಾಪಾರ ಮಾಡದೆ ಬಿಟ್ಟಿಲ್ಲ. ಹಬ್ಬದ ದಿನ ವೇದಿಕೆಗೆ ಬಂದ ಮುಖಂಡರ ಮುಂದೆ ಸ್ಮಶಾನದ ಕಾಂಪೌಂಡು ಗೋಡೆಗಾಗಿ, ಸಭಾಭವನದ ಸಿಮೆಂಟಿಗಾಗಿ ಅರ್ಜಿ ಹಿಡಿದು ನಿಂತಿದ್ದೇವೆ. ಕೇಳುವುದು ತಪ್ಪಲ್ಲ, ಪ್ರಜೆಗಳಾಗಿ ಅದು ನಮ್ಮ ಹಕ್ಕು. ಆದರೆ ಗೋಡೆ ಮೇಲೆದ್ದ ಮೇಲೆ, ಬಡವನ ಜಮೀನು ಹೋದಾಗ, ನೆರೆಯವನಿಗೆ ಅನ್ಯಾಯವಾದಾಗ, ಆ ಗೋಡೆಯ ಋಣಕ್ಕೆ ಬಾಯಿ ಮುಚ್ಚಿಕೊಂಡರೆ ನಾವು ಕಟ್ಟಿಸಿಕೊಂಡದ್ದು ಯಾವುದರ ಸಮಾಧಿಗೆ ಗೋಡೆ? ಇನ್ನು ನಮ್ಮ ಸಂಘಗಳಲ್ಲಿ, ಪಾಲನಾ ಪರಿಷತ್ತಿನಲ್ಲಿ ಒಂದು ಕುರ್ಚಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಉದಾಹರಣೆಗಳನ್ನು ನಾನು ಹೇಳಬೇಕಾಗಿಲ್ಲ. ದೊಡ್ಡ ಅಧಿಕಾರದ ರೋಗ ದೆಹಲಿಯಲ್ಲೋ ವಾಷಿಂಗ್ಟನ್ನಿನಲ್ಲೋ ಹುಟ್ಟುವುದಿಲ್ಲ. ಅದರ ಬೀಜ ನಮ್ಮ ಹಿತ್ತಲಲ್ಲೇ ಇದೆ.

ಮೂರನೆಯ ದಾರಿ ಉರಕಾಮಿಯವರದು. ಅರಸರನ್ನು ನೆಚ್ಚಬೇಡಿರೆಂದು ಎಚ್ಚರಿಸಿದ ಕೀರ್ತನಕಾರನೇ, ಹಸಿದವರನ್ನೂ ಸೆರೆಯಾಳುಗಳನ್ನೂ ವಿಧವೆಯರನ್ನೂ ಕಾಯುವ ಸರ್ವೇಶ್ವರನ ಕಡೆಗೆ ನಮ್ಮ ಮುಖವನ್ನು ತಿರುಗಿಸುತ್ತಾನೆ. ಅರಸರನ್ನು ನೆಚ್ಚದವನು ಅನಾಥರನ್ನು ಕಾಯಬೇಕು. ಅದೇ ಅವನ ರಾಜಕಾರಣ. ಮತ ಹಾಕೋಣ, ಆದರೆ ಮತ ಹಾಕಿದವನಿಗೆ ಮನಸ್ಸನ್ನು ಮಾರದಿರೋಣ. ಗ್ರಾಮಸಭೆಗೆ ಹೋಗೋಣ, ಲೆಕ್ಕ ಕೇಳೋಣ. ಮೊಬೈಲಿಗೆ ಬಂದ ಸುದ್ದಿಯನ್ನು ಮುಂದೆ ಕಳುಹಿಸುವ ಮೊದಲು, ಇದು ನಿಜವೇ, ಇದರಿಂದ ಯಾರ ಮನೆಗೆ ಬೆಂಕಿ ಬೀಳುತ್ತದೆ ಎಂದು ಕೇಳಿಕೊಳ್ಳೋಣ. ಸಂಜೆ ಜಪಸರದ ಹೊತ್ತಿಗಾದರೂ ಆ ಯಂತ್ರವನ್ನು ಬದಿಗಿಟ್ಟು ಮಕ್ಕಳ ಮುಖ ನೋಡೋಣ. ತರುಣರು ಹೊಸ ವಿದ್ಯೆಯನ್ನು ಹೆದರದೆ ಕಲಿಯಲಿ. ಡಾಕ್ಟರ್ ನಗಾಯಿಯವರು ಕಿರಣಗಳ ಎದುರು ನಿಂತಂತೆ, ರೋಗಿಯನ್ನು ಮುಂದಿಟ್ಟುಕೊಂಡು ಕಲಿಯಲಿ. ಇವು ಸಣ್ಣ ಕೆಲಸಗಳು. ಇವುಗಳಿಂದ ನಾಳೆಯೇ ಲೋಕದ ಯುದ್ಧಗಳು ನಿಲ್ಲುವುದಿಲ್ಲ. ಆದರೆ 250 ವರ್ಷ ಒಂದು ವಿಶ್ವಾಸವನ್ನು ಉಳಿಸಿದ್ದು ಇಂಥ ಸಣ್ಣ ಕೆಲಸಗಳೇ.

ಉರಕಾಮಿಯ ದೇವಾಲಯವನ್ನು 1959ರಲ್ಲಿ ಮತ್ತೆ ಕಟ್ಟಿದರು. ಒಂದು ಗೋಪುರದ ಗಂಟೆಯ ಸ್ಥಳ ಮಾತ್ರ ಬರಿದಾಗಿಯೇ ಉಳಿದಿತ್ತು. ಅಣುಬಾಂಬಿನ ಯೋಜನೆಯಲ್ಲಿ ದುಡಿದಿದ್ದ ವೈದ್ಯರೊಬ್ಬರ ಮೊಮ್ಮಗ ಮುಂದಾಳಾಗಿ ನಿಂತು, ಅಮೆರಿಕದ ಕಥೋಲಿಕರಿಂದ ಕಾಣಿಕೆ ಕೂಡಿಸಿ ಹೊಸ ಗಂಟೆಯನ್ನು ಮಾಡಿಸಿದರು. 2025ರ ಆಗಸ್ಟ್ 9ರಂದು, ಹಗಲು 11 ಗಂಟೆ 2 ನಿಮಿಷಕ್ಕೆ, 80 ವರ್ಷಗಳ ನಂತರ ಎರಡು ಗಂಟೆಗಳೂ ಜೊತೆಯಾಗಿ ಮೊಳಗಿದವು. ಯಾವ ಸರ್ಕಾರವೂ ಅದನ್ನು ಮಾಡಿಸಲಿಲ್ಲ. ಯಾವ ಒಪ್ಪಂದವೂ ಅದಕ್ಕೆ ಬೇಕಾಗಲಿಲ್ಲ. ಕೊಂದವರ ಮೊಮ್ಮಕ್ಕಳೂ ಸತ್ತವರ ಮೊಮ್ಮಕ್ಕಳೂ ಸೇರಿ ಮಾಡಿದ ಕೆಲಸವದು.

ನಮ್ಮ ಗೋಪುರದ ಗಂಟೆಯೂ ನೂರು ವರ್ಷಗಳಿಂದ ಮುಂಜಾನೆ, ನಡುಹಗಲು, ಸಂಜೆ ತ್ರಿಕಾಲ ಪ್ರಾರ್ಥನೆಗೆ ಮೊಳಗುತ್ತಿದೆ. ಅರಸರ ಆಳ್ವಿಕೆಯಲ್ಲಿ ಮೊಳಗಿತು, ಬ್ರಿಟಿಷರ ಕಾಲದಲ್ಲಿ ಮೊಳಗಿತು, ಸ್ವತಂತ್ರ ಭಾರತದಲ್ಲಿ ಸರ್ಕಾರಗಳು ಬಂದು ಹೋದಂತೆಲ್ಲ ಮೊಳಗಿತು. ಯಾವ ರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲವೆಂದು ನಮ್ಮ ಹಿರಿಯರು ನಿಟ್ಟುಸಿರಿಟ್ಟರು. ಇಂದು ಆ ಗಾದೆಯನ್ನು ನಾನು ನಿಟ್ಟುಸಿರಿಲ್ಲದೆ ಹೇಳಬಯಸುತ್ತೇನೆ. ರಾಜ್ಯಗಳು ಬರಲಿ, ಹೋಗಲಿ. ಹಸಿದವನ ಹಿಟ್ಟಿಗಾಗಿ ರಾಗಿ ಬೀಸುವುದು ನಮಗೆ ತಪ್ಪದಿರಲಿ. ನಮಗಿಂತ ಮುಂದಿನ ನೂರು ವರ್ಷದವರು ಈ ಅಂಗಳದಲ್ಲಿ ಸೇರಿದಾಗ, ಇವರು ಯಾರನ್ನು ಗೆಲ್ಲಿಸಿದರೆಂದು ಕೇಳುವುದಿಲ್ಲ. ಇವರ ಕಾಲದಲ್ಲಿ ಬೀಸುವ ಕಲ್ಲು ನಿಂತಿರಲಿಲ್ಲವಷ್ಟೇ ಎಂದು ಕೇಳುತ್ತಾರೆ.

ಕ್ರಿಸ್ತರಾಜರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.